ರಾತ್ರಿ 2:10ರ ವಿಮಾನ: ಏರ್‌ಪೋರ್ಟಿಗೆ ಎಷ್ಟು ಮುಂಚೆ ಹೋಗಬೇಕಿತ್ತು?

ವಿದೇಶಕ್ಕೆ ಹೊರಟವರ ಮನೆಯಲ್ಲಿ ಒಂದು ವಾದ ನಡೆದೇ ನಡೆಯುತ್ತದೆ. ಏರ್‌ಪೋರ್ಟಿಗೆ ಎಷ್ಟು ಹೊತ್ತು ಮುಂಚೆ ಹೋಗೋದು? ಒಬ್ಬರು ಎರಡು ಗಂಟೆ ಸಾಕು ಅಂತಾರೆ. ಇನ್ನೊಬ್ಬರಿಗೆ ಐದು ಗಂಟೆಯೂ ಕಡಿಮೆ. ಟಿಕೆಟ್ ಜೊತೆ ಬಂದ ಮೇಲ್‌ನಲ್ಲಿ "ಮೂರು ಗಂಟೆ ಮುಂಚೆ ಬನ್ನಿ" ಅಂತ ಇರುತ್ತದೆ. ಆ ಮೂರು ಗಂಟೆ ಎಲ್ಲೆಲ್ಲಿ ಖರ್ಚಾಗುತ್ತದೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಹತ್ತಿರದ ಒಂದು ಕುಟುಂಬ ಹೊರಟ ರಾತ್ರಿಯನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತೇನೆ. ಮನೆಯ ಸೊಸೆ ಪ್ರತಿ ಹಂತದ ಸಮಯವನ್ನೂ ಫೋನಿನಲ್ಲಿ ಗುರುತು ಮಾಡಿಕೊಂಡಿದ್ದರು. ಹಾಗಾಗಿ ಲೆಕ್ಕ ಹಾಕೋಕೆ ಸಾಧ್ಯವಾಯಿತು.

ಹೊರಟವರು ನಾಲ್ಕು ಜನ: ಅಜ್ಜಿ, ಮಗ, ಸೊಸೆ, ಒಂಬತ್ತು ತಿಂಗಳ ಮಗು. ಅಜ್ಜಿಗೆ ಮಂಡಿ ನೋವು. ಅಷ್ಟು ದೂರ ನಡೆಯೋಕೆ ಆಗುವುದಿಲ್ಲ ಅಂತ ವೀಲ್‌ಚೇರ್ ಕೇಳಿದ್ದರು. ಅದನ್ನು ಟಿಕೆಟ್ ಮಾಡುವಾಗಲೇ ಹೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ 48 ಗಂಟೆ ಮೊದಲೇ ತಿಳಿಸಿ ಅಂತ ವಿಮಾನ ಸಂಸ್ಥೆಗಳು ಕೇಳುತ್ತವೆ. ದೊಡ್ಡ ಸೂಟ್‌ಕೇಸ್ ಮೂರು, ಜೊತೆಗೆ ಮಗುವಿನ ತಳ್ಳುಗಾಡಿ. ವಿಮಾನ ಹೊರಡುವುದು ರಾತ್ರಿ 2:10ಕ್ಕೆ.

ಇಲ್ಲೊಂದು ಮಾತು ಹೇಳಲೇಬೇಕು. ಟಿಕೆಟ್ಟಿನಲ್ಲಿ 15ನೇ ತಾರೀಕು ರಾತ್ರಿ 2:10 ಅಂತ ಇದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನ ಆಗಿರುತ್ತದೆ. ಓದಿಕೊಂಡವರೂ ಎಡವುವ ಜಾಗ ಇದು. ಈ ಮನೆಯಲ್ಲಿ ಸೊಸೆ ಕ್ಯಾಲೆಂಡರಿನ 14ನೇ ತಾರೀಕಿನ ಮೇಲೇ "ಇವತ್ತು ಸಂಜೆ ಹೊರಡುವುದು" ಅಂತ ಬರೆದು ಅಂಟಿಸಿದ್ದರು.

ಮನೆಯಲ್ಲಿ ನಡೆದ ವಾದ

ಮಗನ ಪ್ರಕಾರ ಎರಡು ಗಂಟೆ ಸಾಕಿತ್ತು. "ವೆಬ್ ಚೆಕ್-ಇನ್ ಮಾಡಿದ್ದೀನಿ. ಬ್ಯಾಗ್ ಕೊಡೋದು, ಒಳಗೆ ಹೋಗೋದು, ಅಷ್ಟೇ." ಕೆಲಸದ ಮೇಲೆ ಒಬ್ಬರೇ ಓಡಾಡಿ ಅವರಿಗೆ ಅಭ್ಯಾಸ. ಅಜ್ಜಿ ಒಪ್ಪಲಿಲ್ಲ. "ಅಲ್ಲಿ ಹೋಗಿ ಕೂತ್ಕೊಳ್ಳೋಣ ಕಣೋ. ಇಲ್ಲಿ ಕೂತು ಗಡಿಯಾರ ನೋಡೋ ಬದಲು ಅಲ್ಲೇ ನೋಡಿದ್ರೆ ಏನಂತೆ?" ಅವರಿಗೆ ಐದು ಗಂಟೆ ಮುಂಚೆ ಅಲ್ಲಿರಬೇಕಿತ್ತು.

ಸೊಸೆ ಹಾಳೆ ತಗೊಂಡು ಹಿಂದಿನಿಂದ ಲೆಕ್ಕ ಹಾಕಿದರು. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಅವರು 2:10ನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. 2:10 ಅಂದರೆ ವಿಮಾನ ನಿಂತ ಜಾಗ ಬಿಟ್ಟು ಹೊರಡುವ ಹೊತ್ತು. ಪ್ರಯಾಣಿಕರಿಗೆ ಅದಕ್ಕಿಂತ ಮುಂಚಿನ ಎರಡು ಗಡುವುಗಳಿವೆ. ಇವರ ಟಿಕೆಟ್ಟಿನ ನಿಯಮದಲ್ಲಿ ಎರಡೂ ಇದ್ದವು: ಹೊರಡುವ 60 ನಿಮಿಷ ಮೊದಲು ಕೌಂಟರ್ ಮುಚ್ಚುತ್ತದೆ, 20 ನಿಮಿಷ ಮೊದಲು ಗೇಟ್ ಮುಚ್ಚುತ್ತದೆ. ಅಂದರೆ 1:10 ಮತ್ತು 1:50. ಎಲ್ಲ ಸಂಸ್ಥೆಗಳಲ್ಲೂ ಇದು ಒಂದೇ ತರ ಇರುವುದಿಲ್ಲ. ಕೆಲವರು ಕೌಂಟರನ್ನು ಇನ್ನೂ ಬೇಗ ಮುಚ್ಚುತ್ತಾರೆ. ನಿಮ್ಮ ಟಿಕೆಟ್ಟಿನಲ್ಲಿ ಏನಿದೆ ಅಂತ ನೋಡಲೇಬೇಕು.

1:50ರಿಂದ ಹಿಂದಕ್ಕೆ ಹೀಗೆ ಬಂದರು: ಗೇಟಿನವರೆಗೆ ನಡೆಯೋಕೆ 15 ನಿಮಿಷ, ಸೆಕ್ಯುರಿಟಿಗೆ 30, ಇಮಿಗ್ರೇಷನ್ನಿಗೆ 30, ಕೌಂಟರ್ ಕ್ಯೂ ಮತ್ತು ಬ್ಯಾಗಿಗೆ 45. ಒಟ್ಟು ಎರಡು ಗಂಟೆ. ಅಲ್ಲಿಗೆ 11:50. ಅಜ್ಜಿಯ ವೀಲ್‌ಚೇರಿಗೆ ಅಂತ 10 ನಿಮಿಷ. ಕೊನೆಗೆ "ಗೊತ್ತಿಲ್ಲದ್ದಕ್ಕೆ" ಅಂತ ಬರೆದು ಪೂರಾ ಒಂದು ಗಂಟೆ. ಟರ್ಮಿನಲ್ ಬಾಗಿಲಲ್ಲಿ ಇರಬೇಕಾದ ಹೊತ್ತು 10:40 ಅಂತ ಬಂತು. ರಸ್ತೆಯ ಸಮಯ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಲೆಕ್ಕ.

"ರೀ, ಗೊತ್ತಿಲ್ಲದ್ದಕ್ಕೆ ಒಂದು ಗಂಟೆ ಜಾಸ್ತಿ ಆಗಲ್ವಾ?" ಅಂತ ಅವರೇ ಗಂಡನನ್ನು ಕೇಳಿದ್ದರಂತೆ. ಜಾಸ್ತಿ ಅಂತಲೇ ಅವರಿಗೂ ಅನ್ನಿಸಿತ್ತು. ಆದರೂ ಅಳಿಸಲಿಲ್ಲ.

ಕೌಂಟರಿನಲ್ಲಿ

10:40ಕ್ಕೆ ಸರಿಯಾಗಿ ಬಾಗಿಲಿಗೆ ಬಂದರು. ಟ್ರಾಲಿ ಹುಡುಕಿ, ವೀಲ್‌ಚೇರಿನವರಿಗೆ ಹೇಳಿ ಕ್ಯೂ ಸೇರುವಾಗ 10:50. ಕ್ಯೂನಲ್ಲಿ ಅರ್ಧ ಗಂಟೆ. 11:20ಕ್ಕೆ ಕೌಂಟರ್ ಮುಂದೆ ನಿಂತರು. ಈವರೆಗೆ ಎಲ್ಲ ಲೆಕ್ಕದ ಪ್ರಕಾರವೇ ಇತ್ತು.

ಕೌಂಟರಿನ ಹುಡುಗಿ ನಾಲ್ಕೂ ಪಾಸ್‌ಪೋರ್ಟ್ ತಗೊಂಡು ಒಂದೊಂದಾಗಿ ಯಂತ್ರಕ್ಕೆ ಒತ್ತಿದರು. ಮೂರು ಸಲೀಸಾಗಿ ಹೋದವು. ಅಜ್ಜಿಯದು ಬಂದಾಗ ನಿಂತರು. ಮತ್ತೆ ಒತ್ತಿದರು. ಆಮೇಲೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಕೈಯಲ್ಲೇ ಟೈಪ್ ಮಾಡಿ ನೋಡಿದರು. "ಮೇಡಂ, ಅಮ್ಮನವರಿಗೆ ಪ್ರಯಾಣದ ಅನುಮತಿ ಸಿಗ್ತಾ ಇಲ್ಲ."

ಅನುಮತಿ ಇತ್ತು. ಇವರು ಹೋಗುವ ದೇಶಕ್ಕೆ ವೀಸಾ ಬೇಕಿರಲಿಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಪಡೆಯುವ ಪ್ರಯಾಣ ಅನುಮತಿ ಸಾಕಿತ್ತು. ನಾಲ್ವರಿಗೂ ಅದು ಬಂದಿತ್ತು. ಅದಾದ ಮೇಲೆ ಅಜ್ಜಿಯ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂತು ಅಂತ ಹೊಸದು ಮಾಡಿಸಿದರು. ಪ್ರಯಾಣ ಮುಗಿಯುವ ಹೊತ್ತಿಗೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಇರಬೇಕು ಅನ್ನುವ ನಿಯಮ ಎಷ್ಟೋ ದೇಶಗಳಲ್ಲಿದೆ. ಆ ಎಚ್ಚರಿಕೆಯಿಂದಲೇ ಮಾಡಿಸಿದ್ದು. ಹೊಸ ಪಾಸ್‌ಪೋರ್ಟಿಗೆ ಹೊಸ ಸಂಖ್ಯೆ. ಅನುಮತಿ ಮಾತ್ರ ಹಳೆಯ ಸಂಖ್ಯೆಗೇ ಅಂಟಿಕೊಂಡಿತ್ತು.

ಇದು ಆ ಒಂದು ದೇಶದ ವಿಚಾರ ಅಲ್ಲ. ಇಂಥದ್ದೇ ಆನ್‌ಲೈನ್ ಅನುಮತಿಗಳಾದ ಅಮೆರಿಕದ ಎಸ್ಟಾ, ಕೆನಡಾದ ಇಟಿಎ ಕೂಡ ಪಾಸ್‌ಪೋರ್ಟ್ ಸಂಖ್ಯೆಗೇ ಕಟ್ಟಿಕೊಂಡಿರುತ್ತವೆ. ಎಸ್ಟಾ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ, ಕೆನಡಾದ ಇಟಿಎ ಐದು ವರ್ಷದವರೆಗೆ. ಮಧ್ಯೆ ಪಾಸ್‌ಪೋರ್ಟ್ ಬದಲಾದರೆ ಹೊಸದಾಗಿ ಅರ್ಜಿ ಹಾಕಲೇಬೇಕು. ಬಹಳಷ್ಟು ಅರ್ಜಿಗಳಿಗೆ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ, ನಿಜ. ಆದರೆ ಅದಕ್ಕೆ ಖಾತರಿ ಇಲ್ಲ. ಎಸ್ಟಾಗೆ ಕನಿಷ್ಠ 72 ಗಂಟೆ ಮುಂಚೆ ಅರ್ಜಿ ಹಾಕಿ ಅಂತ ಅಮೆರಿಕದ ಅಧಿಕಾರಿಗಳೇ ಹೇಳುವುದು ಅದಕ್ಕೇ.

ಕೌಂಟರಿನವರ ಮೇಲೆ ಸಿಟ್ಟು ಬರುವುದು ಸಹಜ. ಮಗನಿಗೂ ಬಂತು. ಹಳೆಯ ಅನುಮತಿಯ ಪ್ರಿಂಟ್ ತೋರಿಸಿ ವಾದಿಸಿದರು. ಆದರೆ ಅಲ್ಲಿ ಕೂತವರ ಕೈ ಕಟ್ಟಿರುತ್ತದೆ. ಯಾವ ದೇಶಕ್ಕೆ ಯಾವ ದಾಖಲೆ ಬೇಕು ಅಂತ ನೋಡೋಕೆ ವಿಮಾನ ಸಂಸ್ಥೆಗಳು ಟೈಮ್ಯಾಟಿಕ್ ಅನ್ನುವ ಮಾಹಿತಿ ಕೋಶ ಬಳಸುತ್ತವೆ. ಅದನ್ನು ನಡೆಸುವುದು ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯಾಟಾ. ದಾಖಲೆ ಸರಿ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಾಪಸ್ ಕರಕೊಂಡು ಬರುವ ಹೊಣೆ ಸಂಸ್ಥೆಯದ್ದೇ. ಅನೇಕ ದೇಶಗಳು ಮೇಲಿಂದ ದಂಡವನ್ನೂ ಹಾಕುತ್ತವೆ. ಹಾಗಾಗಿ "ಅಲ್ಲಿ ಹೋಗಿ ನೋಡ್ಕೋತೀವಿ, ಬಿಡಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆ ಹುಡುಗಿ ಒಂದು ಉಪಕಾರ ಮಾಡಿದರು. "ಪಕ್ಕದಲ್ಲಿ ನಿಂತು ಅರ್ಜಿ ಹಾಕಿ. ಬಂದ ಮೇಲೆ ಸೀದಾ ನನ್ನ ಹತ್ತಿರ ಬನ್ನಿ. ಮತ್ತೆ ಕ್ಯೂ ನಿಲ್ಲಬೇಡಿ" ಅಂದರು.

11:25ಕ್ಕೆ ಸೊಸೆ ಫೋನ್ ಹಿಡಿದು ಪಕ್ಕಕ್ಕೆ ಬಂದರು. ಪಾಸ್‌ಪೋರ್ಟಿನ ಫೋಟೋ ಹಾಕಬೇಕಿತ್ತು. ಟರ್ಮಿನಲ್ಲಿನ ದೀಪಗಳ ಬೆಳಕು ಪುಟದ ಮೇಲೆ ಬಿದ್ದು ಅಕ್ಷರ ಹೊಳೆದುಹೋಗುತ್ತಿತ್ತು. ಫೋಟೋ ಎರಡು ಸಲ ತಿರಸ್ಕೃತವಾಯಿತು. ಕೊನೆಗೆ ಮಗ ತಮ್ಮ ಜಾಕೆಟ್ಟನ್ನು ಮೇಲೆ ಚಪ್ಪರದ ಹಾಗೆ ಹಿಡಿದರು, ಆ ನೆರಳಿನಲ್ಲಿ ಫೋಟೋ ಸರಿಯಾಗಿ ಬಂತು. ಆಮೇಲೆ ದುಡ್ಡು ಕಟ್ಟೋಕೆ ಒಟಿಪಿ. ಅದು ಬಂದದ್ದು ಮಗನ ಇನ್ನೊಂದು ಸಿಮ್‌ಗೆ. ಆ ಸಿಮ್ ಹ್ಯಾಂಡ್ ಬ್ಯಾಗಿನ ತಳದಲ್ಲಿದ್ದ ಹಳೆ ಫೋನಿನಲ್ಲಿತ್ತು. ಅರ್ಜಿ ಹೋಗುವಾಗ 11:50. ಅನುಮತಿಯ ಮೇಲ್ ಬಂದದ್ದು 12:10. ಕೌಂಟರಿನ ಪರದೆಯಲ್ಲಿ ಅದು ಕಾಣೋಕೆ ಇನ್ನೂ 5 ನಿಮಿಷ. 12:20ಕ್ಕೆ ನಾಲ್ಕು ಬೋರ್ಡಿಂಗ್ ಪಾಸ್ ಕೈಗೆ ಬಂತು.

ಆ ನಡುವೆ ಇನ್ನೊಂದು ಕೆಲಸವೂ ಆಯಿತು. ಒಂದು ಸೂಟ್‌ಕೇಸ್ 26.5 ಕೆಜಿ ತೂಗಿತ್ತು. ಇವರಿಗಿದ್ದ ಮಿತಿ 23. ನೆಲದ ಮೇಲೆ ಬಿಚ್ಚಿ ಬಟ್ಟೆ ಬೇರೆ ಪೆಟ್ಟಿಗೆಗೆ ಹಾಕುವಾಗ ಮಡಿಕೆಯೊಳಗೆ ಪವರ್ ಬ್ಯಾಂಕ್ ಸಿಕ್ಕಿತು. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿನಲ್ಲಿ ಹೋಗುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ವಿಮಾನದ ಹೊಟ್ಟೆಯಲ್ಲಿ ಅದನ್ನು ನೋಡುವವರು ಇರುವುದಿಲ್ಲ. ಸಾಮರ್ಥ್ಯ 100 ವ್ಯಾಟ್-ಅವರ್‌ಗಿಂತ ಕಡಿಮೆ ಇರುವುದನ್ನು ಕೈಚೀಲದಲ್ಲಿ ಒಯ್ಯಬಹುದು. ಆ ಬ್ಯಾಗ್ ಒಳಗೆ ಹೋದ ಮೇಲೆ ಸ್ಕ್ಯಾನಿನಲ್ಲಿ ಸಿಕ್ಕಿಬಿದ್ದಿದ್ದರೆ, ಬ್ಯಾಗ್ ತೆಗೆಸೋಕೆ ಇವರನ್ನು ಮತ್ತೆ ಕರೆಸುತ್ತಿದ್ದರು.

ಒಳಗೆ

ಮುಂದಿನದ್ದು ಚುಟುಕಾಗಿ ಹೇಳಬಹುದು. 12:30ಕ್ಕೆ ಇಮಿಗ್ರೇಷನ್ ಕ್ಯೂ, 1:00ಕ್ಕೆ ಮುಗಿಯಿತು. ಸೆಕ್ಯುರಿಟಿ ಮುಗಿದದ್ದು 1:20ಕ್ಕೆ. ಮಗುವಿನ ಹಾಲಿನ ಬಾಟಲಿಯನ್ನು ಬೇರೆ ತೆಗೆದು ಪರೀಕ್ಷೆ ಮಾಡಿದರು. 2006ರ ಆಗಸ್ಟಿನಲ್ಲಿ ದ್ರವ ಸ್ಫೋಟಕದಿಂದ ವಿಮಾನಗಳನ್ನು ಉಡಾಯಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಬಂತು. ಎಳೆ ಮಕ್ಕಳ ಹಾಲಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಆದರೆ ಬಿಚ್ಚಿ ತೋರಿಸೋಕೆ ಹೊತ್ತು ಹಿಡಿಯುತ್ತದೆ. ಗೇಟಿಗೆ ಬಂದದ್ದು 1:32ಕ್ಕೆ. ಗೇಟ್ ಮುಚ್ಚೋಕೆ 18 ನಿಮಿಷ ಬಾಕಿ.

ಲೆಕ್ಕ ಬಿಡಿಸಿ ನೋಡಿದರೆ

ಆ ರಾತ್ರಿ ತೊಂದರೆಯೇ ಆಗದಿದ್ದರೆ ಇವರಿಗೆ ಎಷ್ಟು ಹೊತ್ತು ಬೇಕಿತ್ತು? ಬಾಗಿಲಿನಿಂದ ಕೌಂಟರಿಗೆ 40 ನಿಮಿಷ. ಕೌಂಟರಿನಲ್ಲಿ 10. ಬೋರ್ಡಿಂಗ್ ಪಾಸ್ ಸಿಕ್ಕ ಮೇಲೆ ಗೇಟಿನವರೆಗೆ 72. ಒಟ್ಟು 122 ನಿಮಿಷ. ಗೇಟ್ 20 ನಿಮಿಷ ಮೊದಲೇ ಮುಚ್ಚುತ್ತದಲ್ಲ, ಅದನ್ನೂ ಸೇರಿಸಿದರೆ 142. ಅಂದರೆ ಎಲ್ಲವೂ ಸುಸೂತ್ರವಾಗಿ ನಡೆದರೂ 2 ಗಂಟೆ 22 ನಿಮಿಷ.

ಮಗ ಹೇಳಿದ ಹಾಗೆ ಎರಡು ಗಂಟೆ ಮುಂಚೆ ಬಂದಿದ್ದರೆ, ಅಜ್ಜಿಯ ಕಾಗದ ಸರಿ ಇದ್ದರೂ, ಗೇಟಿಗೆ ಬರುವ ಹೊತ್ತಿಗೆ 2:12. ಅಷ್ಟೊತ್ತಿಗೆ ವಿಮಾನ ಹೊರಟಿರುತ್ತಿತ್ತು. ವೆಬ್ ಚೆಕ್-ಇನ್ ಮಾಡಿದ್ದರಿಂದ ಕೌಂಟರಿನಲ್ಲಿ ಎರಡು ಮೂರು ನಿಮಿಷ ಉಳಿದಿರಬಹುದು, ಅಷ್ಟೇ. ಬ್ಯಾಗ್ ಕೊಡುವ ಕ್ಯೂ, ಇಮಿಗ್ರೇಷನ್, ಸೆಕ್ಯುರಿಟಿ ಇವ್ಯಾವುದೂ ಅದರಿಂದ ಚಿಕ್ಕದಾಗುವುದಿಲ್ಲ.

ಮೇಲ್‌ನಲ್ಲಿ ಹೇಳಿದ ಹಾಗೆ ಮೂರು ಗಂಟೆ ಮುಂಚೆ ಬಂದಿದ್ದರೆ? ತೊಂದರೆ ಇಲ್ಲದ ದಿನ 38 ನಿಮಿಷ ಕೈಯಲ್ಲಿ ಉಳಿಯುತ್ತಿತ್ತು. ಒಳ್ಳೆಯ ಲೆಕ್ಕವೇ. ಆದರೆ ಅನುಮತಿಯ ಗೊಂದಲ ತಿಂದದ್ದು 50 ನಿಮಿಷ. ಬೋರ್ಡಿಂಗ್ ಪಾಸ್ 12:50ಕ್ಕೆ ಸಿಗುತ್ತಿತ್ತು, ಗೇಟಿಗೆ ಬರುವಾಗ 2:02. ಸಿಬ್ಬಂದಿ ಯಾರಾದರೂ ಕ್ಯೂ ತಪ್ಪಿಸಿ ಮುಂದೆ ಕರಕೊಂಡು ಹೋಗಿದ್ದರೆ ವಿಮಾನ ಸಿಗುತ್ತಿತ್ತೇನೋ. ಅದನ್ನು ನಂಬಿಕೊಂಡು ಹೊರಡೋಕೆ ಆಗುವುದಿಲ್ಲ. ಸೊಸೆ "ಗೊತ್ತಿಲ್ಲದ್ದಕ್ಕೆ" ಅಂತ ಇಟ್ಟ ಒಂದು ಗಂಟೆಯೇ ಆ ರಾತ್ರಿ ಇವರನ್ನು ಕಾಪಾಡಿತು.

ಹಾಗಾದರೆ ಅಜ್ಜಿಯ ಐದು ಗಂಟೆಯೇ ಸರಿ ಅಲ್ವಾ? ಅರ್ಧ ಸರಿ. ಇವರ ವಿಮಾನದ ಕೌಂಟರ್ ತೆರೆದದ್ದು 10:10ಕ್ಕೆ, ಹೊರಡುವ ನಾಲ್ಕು ಗಂಟೆ ಮೊದಲು. 9:10ಕ್ಕೆ ಬಂದಿದ್ದರೆ ಒಂದು ಗಂಟೆ ಬ್ಯಾಗ್ ಕಾಯುತ್ತಾ, ಮಗುವನ್ನು ಎತ್ತಿಕೊಂಡು ನಿಲ್ಲಬೇಕಿತ್ತು. ಕ್ಯೂನಲ್ಲಿ ಮೊದಲಿಗರಾಗಿರುತ್ತಿದ್ದರು, ಅದಷ್ಟೇ ಲಾಭ. ಎಲ್ಲರೂ ಹೀಗೇ ಬಂದರೆ ಏನಾಗುತ್ತದೆ ಅಂತ 2022ರ ಬೇಸಿಗೆಯಲ್ಲಿ ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ಏರ್‌ಪೋರ್ಟಿನಲ್ಲಿ ನೋಡಿದ್ದೇವೆ. ಸೆಕ್ಯುರಿಟಿ ಸಿಬ್ಬಂದಿ ಸಾಲದೆ ಕ್ಯೂ ಕಟ್ಟಡದ ಹೊರಗೆ ಬಂದಿತ್ತು. ಹೆದರಿದ ಜನ ಇನ್ನೂ ಬೇಗ ಬರತೊಡಗಿದರು, ಕ್ಯೂ ಇನ್ನೂ ಬೆಳೆಯಿತು. ನಾಲ್ಕು ಗಂಟೆಗಿಂತ ಮುಂಚೆ ಬರಬೇಡಿ ಅಂತ ಏರ್‌ಪೋರ್ಟೇ ಕೇಳಿಕೊಳ್ಳಬೇಕಾಯಿತು.

ಕೌಂಟರನ್ನು ಒಂದು ಗಂಟೆ ಮುಂಚೆಯೇ ಯಾಕೆ ಮುಚ್ಚುತ್ತಾರೆ ಅಂತಲೂ ಕೇಳಬೇಕು. ಕೊಟ್ಟ ಬ್ಯಾಗನ್ನು ಸ್ಕ್ಯಾನ್ ಮಾಡಿ ವಿಮಾನದವರೆಗೆ ಸಾಗಿಸಬೇಕು. ತೂಕದ ಲೆಕ್ಕ ಮುಗಿಸಬೇಕು. ಪ್ರಯಾಣಿಕರ ಪಟ್ಟಿಯನ್ನು ಹೋಗುವ ದೇಶಕ್ಕೆ ಕಳಿಸಬೇಕು. ಇನ್ನೂ ಒಂದು ಕೆಲಸ ಇದೆ: ಪ್ರತಿ ಬ್ಯಾಗಿನ ಯಜಮಾನ ವಿಮಾನದೊಳಗೆ ಇದ್ದಾನೆಯೇ ಅಂತ ತಾಳೆ ನೋಡುವುದು. 1985ರ ಜೂನ್ 23ರಂದು ಏರ್ ಇಂಡಿಯಾ 182 ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಿಸಿ 329 ಜನ ಸತ್ತರು. ಬಾಂಬ್ ಬಂದದ್ದು ಒಂದು ಚೆಕ್-ಇನ್ ಬ್ಯಾಗಿನಲ್ಲಿ. ಆ ಬ್ಯಾಗ್ ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. ಅದಾದ ಮೇಲೆ ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಈ ತಾಳೆ ಕಡ್ಡಾಯವಾಯಿತು. ನೀವು ಗೇಟಿಗೆ ಬರದಿದ್ದರೆ ನಿಮ್ಮ ಬ್ಯಾಗನ್ನು ಹುಡುಕಿ ಕೆಳಗಿಳಿಸುತ್ತಾರೆ. ಉಳಿದವರೆಲ್ಲ ಅಷ್ಟು ಹೊತ್ತು ಒಳಗೆ ಕಾಯುತ್ತಾ ಕೂತಿರುತ್ತಾರೆ. ಐದು ನಿಮಿಷ ತಡವಾದವರಿಗೆ ಕೌಂಟರ್ ಯಾಕೆ ತೆರೆಯುವುದಿಲ್ಲ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಸುಳಿವು ಮೊದಲೇ ಇತ್ತು

ನನ್ನ ಪ್ರಕಾರ ಈ ಪ್ರಕರಣದ ಮುಖ್ಯ ಜಾಗ ಏರ್‌ಪೋರ್ಟ್ ಅಲ್ಲವೇ ಅಲ್ಲ. ಹಿಂದಿನ ದಿನ ಮನೆಯಲ್ಲಿ ವೆಬ್ ಚೆಕ್-ಇನ್ ಮಾಡಿದಾಗ ಮೂರು ಜನರ ಬೋರ್ಡಿಂಗ್ ಪಾಸ್ ಫೋನಿಗೆ ಬಂದಿತ್ತು. ಅಜ್ಜಿಯ ಹೆಸರಿನ ಮುಂದೆ "ದಾಖಲೆಗಳನ್ನು ಕೌಂಟರಿನಲ್ಲಿ ತೋರಿಸಿ" ಅಂತ ಇತ್ತು. ವೀಲ್‌ಚೇರ್ ಕೇಳಿದ್ದಕ್ಕೆ ಹಾಗೆ ಬಂದಿರಬೇಕು ಅಂತ ಮಗ ಅಂದುಕೊಂಡರು. ಸುಮ್ನೆ ಮುಂದೆ ಹೋದರು. ಅದು ಬೇಜವಾಬ್ದಾರಿ ಅಲ್ಲ, ಆ ಸಾಲು ಅಷ್ಟು ಸಾಧಾರಣವಾಗಿ ಕಾಣುತ್ತದೆ. ಎಷ್ಟೋ ಸಲ ಅದಕ್ಕೆ ದೊಡ್ಡ ಕಾರಣ ಇರುವುದೂ ಇಲ್ಲ. ಆದರೆ ನಾಲ್ವರಲ್ಲಿ ಮೂವರಿಗೆ ಪಾಸ್ ಬಂದು ಒಬ್ಬರಿಗೆ ಬರದಿದ್ದರೆ, ಆ ಒಬ್ಬರ ಪಾಸ್‌ಪೋರ್ಟ್, ವೀಸಾ ಅಥವಾ ಅನುಮತಿ, ಟಿಕೆಟ್ ಮೂರನ್ನೂ ಮುಂದೆ ಇಟ್ಟುಕೊಂಡು ಸಂಖ್ಯೆ, ಹೆಸರು, ಹುಟ್ಟಿದ ದಿನ ತಾಳೆ ನೋಡಲೇಬೇಕು. ಮನೆಯಲ್ಲಿ ಕೂತು ಮಾಡಿದ್ದರೆ ಆ ಅರ್ಜಿಗೆ ಹತ್ತು ನಿಮಿಷ ಸಾಕಿತ್ತು. ಉತ್ತರ ತಡವಾದರೂ ಒಂದು ದಿನ ಕೈಯಲ್ಲಿರುತ್ತಿತ್ತು.

ಎರಡು ಗಂಟೆ ಸಾಕಾಗುವ ಪ್ರಯಾಣಗಳೂ ಇವೆ. ಒಬ್ಬರೇ, ಕೈಚೀಲ ಮಾತ್ರ, ಬೋರ್ಡಿಂಗ್ ಪಾಸ್ ಆಗಲೇ ಕೈಯಲ್ಲಿದೆ, ಹೋಗುವ ದೇಶಕ್ಕೆ ಹಿಂದೆಯೂ ಅದೇ ಪಾಸ್‌ಪೋರ್ಟಿನಲ್ಲಿ ಹೋಗಿದ್ದೀರಿ. ಅಂಥವರು ಕೌಂಟರಿನ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಇವರ ಲೆಕ್ಕದಲ್ಲಿ 50 ನಿಮಿಷ ಅಲ್ಲೇ ಉಳಿಯುತ್ತದೆ. ಮಗನ ಅಭ್ಯಾಸ ತಪ್ಪಾಗಿರಲಿಲ್ಲ, ಅದು ಬೇರೆ ತರದ ಪ್ರಯಾಣದ ಅಭ್ಯಾಸ. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋ ಕೂಡ, ಹೊರಡುವ ಪ್ರಯಾಣಿಕರ ಎಲ್ಲ ತಪಾಸಣೆ 60 ನಿಮಿಷದೊಳಗೆ ಮುಗಿಯಬೇಕು ಅನ್ನುವ ಗುರಿಯನ್ನು ದೇಶಗಳಿಗೆ ಶಿಫಾರಸು ಮಾಡಿದೆ. ಒಬ್ಬಂಟಿ ಪ್ರಯಾಣಿಕನಿಗೆ ಒಳ್ಳೆಯ ದಿನ ಅದು ಸಿಗುತ್ತದೆ. ಜೊತೆಯಲ್ಲಿ ವೀಲ್‌ಚೇರ್, ಎಳೆ ಮಗು, ಪೆಟ್ಟಿಗೆಗಳು ಇದ್ದಾಗ ಸಿಗುವುದಿಲ್ಲ. ಗುಂಪಿನಲ್ಲಿ ಯಾರಿಗೆ ಹೆಚ್ಚು ಹೊತ್ತು ಬೇಕೋ ಅವರ ಸಮಯವೇ ಎಲ್ಲರ ಸಮಯ.

ಇನ್ನು ಕೆಲವು ಕಡೆ ಗಡಿ ದಾಟುವ ಕ್ರಮವೇ ಬದಲಾಗುತ್ತಿದೆ. ತಮ್ಮ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದ ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹೊರಗಿನ ದೇಶದವರ ಬೆರಳಚ್ಚು, ಮುಖದ ಫೋಟೋ ದಾಖಲಿಸುವ ಹೊಸ ವ್ಯವಸ್ಥೆಯನ್ನು ಹಂತ ಹಂತವಾಗಿ ತಂದವು. ಬರುವಾಗಷ್ಟೇ ಅಲ್ಲ, ವಾಪಸ್ ಹೊರಡುವಾಗಲೂ ಅದರ ತಪಾಸಣೆ ಇರುತ್ತದೆ. ಆ ಕಡೆಯಿಂದ ಹೊರಡುವವರು ಇಮಿಗ್ರೇಷನ್ನಿಗೆ ಹಳೆಯ ಅಂದಾಜು ಹಿಡಿಯದೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಕುಟುಂಬ ಮರಳಿ ಬರುವಾಗ ಮತ್ತೆ ಅದೇ ಲೆಕ್ಕ ಹಾಕಿತು. ಈ ಸಲ ಮಗನೇ ಹಾಳೆ ತಗೊಂಡು ಕೂತರು. ಹೊರಡುವ ಹಿಂದಿನ ದಿನವೇ ನಾಲ್ವರ ಬೋರ್ಡಿಂಗ್ ಪಾಸೂ ಬಂದಿತ್ತು. ಸ್ವಂತ ದೇಶಕ್ಕೆ ಮರಳುವಾಗ ಅನುಮತಿಯ ಪ್ರಶ್ನೆಯೂ ಇರಲಿಲ್ಲ. "ಗೊತ್ತಿಲ್ಲದ್ದಕ್ಕೆ" ಇಟ್ಟ ಒಂದು ಗಂಟೆಯನ್ನು ಅರ್ಧಕ್ಕೆ ಇಳಿಸಿದರು, ಪೂರ್ತಿ ತೆಗೆಯಲಿಲ್ಲ. ಮೂರು ಗಂಟೆ ಮುಂಚೆ ಬಾಗಿಲಲ್ಲಿದ್ದರು. ಗೇಟಿನ ಹತ್ತಿರ ಅಜ್ಜಿಗೆ ಕಾಲು ಚಾಚಿ ಕೂರೋಕೆ ಅರ್ಧ ಗಂಟೆಗಿಂತ ಜಾಸ್ತಿಯೇ ಸಿಕ್ಕಿತು.